ಗಾಳಿ ಬೀಸಿದ ದಿಕ್ಕಿಗೆ

ಅಪ್ಪಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬದುಕಿದ್ದಾಗಲೂ ನೀನು ನನ್ನ ಮಾತು ಪೂರ್ತಿ ಕೇಳಿದವನಲ್ಲ. ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದೆ. ನನ್ನ ಶ್ವಾಸಕೋಶದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕುದುರೆ ಮರಿಗಳನ್ನು ಕಾಡುವಂಥದ್ದಂತೆ, ಲಾಯದ ಧೂಳಿನಲ್ಲಿರುತ್ತದಂತೆ. ಬದಲಿ ಕಿಡ್ನಿಯನ್ನು ಮೈ ತಿರಸ್ಕರಿಸದಿರಲೆಂದು ನುಂಗುವ ಮಾತ್ರೆಗಳು ನನ್ನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದ್ದವಲ್ಲ, ಅದು ಆರಾಮಾಗಿ ಬೀಡುಬಿಟ್ಟಿತ್ತು.

"ಇನ್ಮೇಲೆ ಲಾಯದ ಕಡೆ ತಲೆ ಹಾಕಿಯೂ ಮಲಗ್ಬೇಡಿ," ಎಂದರು ಡಾಕ್ಟರು.

"ಅಪ್ಪನ ಕುದುರೇನ ಮಾರಿಬಿಡೋಣ ಅಕ್ಕಾ," ಎಂದ ತಮ್ಮ.

"ಇನ್ನೊಂದ್ಸಲ ಮಾರೋ ಮಾತೆತ್ತಿದ್ರೆ ನೋಡು! ಮೇವು ನೀನು ಹಾಕು, ಲಾಯ ನೀನು ಗುಡಿಸು. ಅದು ಇಲ್ಲೇ ಇರುತ್ತೆ. ನಾನೂ ಇರ್ತೀನಿ."

ಸಂಜೆ ಮಾಸ್ಕ್ ಹಾಕಿಕೊಂಡು ಬೇಲಿಯಿಂದ ದೂರದಲ್ಲಿ ನಿಂತೆ. ನಿನ್ನ ಮುದಿ ಕುದುರೆ ಬೇಲಿಯವರೆಗೂ ಬಂದು ನನ್ನ ಕಡೆ ಮೂತಿ ಚಾಚಿತು. ಮೂಗಿಗೆ ಮೂಗು ತಂದು, ಮೆಲ್ಲಗೆ ಉಸಿರೂದಿ ಕುದುರೆಯನ್ನು ಮಾತಾಡಿಸುವುದನ್ನು ನನಗೆ ಕಲಿಸಿದವನು ನೀನೇ. ನಿನ್ನ ಕೊನೆಯ ದಿನ, ನಿನ್ನ ಜ್ವರ ನನಗೆ ತಗಲೀತೆಂದು ಆಸ್ಪತ್ರೆಯವರು ನನ್ನನ್ನು ಗಾಜಿನಾಚೆಯೇ ನಿಲ್ಲಿಸಿದ್ದರು. ಅವತ್ತು ಅವರು ಹೇಳಿದ ಹಾಗೆ ನಾನು ಕೇಳಿದೆ.

ಇವತ್ತು ಗಾಳಿ ನನ್ನ ಬೆನ್ನ ಹಿಂದಿನಿಂದ ಕುದುರೆಯ ಕಡೆಗೆ ಬೀಸುತ್ತಿತ್ತು. ಮಾಸ್ಕ್ ಕೆಳಗಿಳಿಸಿ, ನಿಂತಲ್ಲಿಂದಲೇ ಎದೆ ತುಂಬ ಉಸಿರೆಳೆದು ಊದಿದೆ. ಅದರ ಕಿವಿಗಳು ನಿಮಿರಿದವು.

ಕೆಮ್ಮು ಬರಲಿಲ್ಲ ಅಪ್ಪಾ. ಒಂದೂ ಬರಲಿಲ್ಲ.