ಅಯಿತೆಗೆ ಸಲ್ಲಬೇಕಾದ ಹತ್ತು ಏಟು

ಮೇ 6, ಮಂಗಳವಾರ
ಗಂಟೆ ಒರೆಸಿದೆ. ಸುತ್ತಿಗೆಯ ಹಿಡಿ ಸಡಿಲ, ಬಟ್ಟೆ ಸುತ್ತಿದೆ. ಜಿಮ್ಮಿನಲ್ಲಿ ಮೂರು ಮೂರು ನಿಮಿಷದ ಸುತ್ತು. ಬಾಕ್ಸಿಂಗ್ ಹುಡುಗರು ಗುದ್ದಾಡಿದರು, ನಾನು ಗಂಟೆ ಹೊಡೆದೆ. ನಲವತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಆಮೇಲೆ ಜೋಳದ ಹಿಟ್ಟಿನ ಕೆಂಕೆ ಮುದ್ದೆ, ಹುರಿದ ಮೀನು. ಮೆಣಸಿನ ಚಟ್ನಿ ಜಾಸ್ತಿ ಹಾಕಿಸಿಕೊಂಡೆ — ಈಗ ಹೊಟ್ಟೆ ಉರಿ.

ಮೇ 8, ಗುರುವಾರ
ಅಯಿತೆ ಹೋದ.
ಬಾಕ್ಸಿಂಗಿನಲ್ಲಿ ಎರಡು ಸಲ ವಿಶ್ವ ಚಾಂಪಿಯನ್. ಅಕ್ರಾದ ರೇಡಿಯೋಗಳಲ್ಲೆಲ್ಲ ಅವನದೇ ಹೆಸರು. ನಮ್ಮ ಕೇರಿ ಬುಕೋಮ್ ಇಡೀ ಬೀದಿಗೆ ಬಂತು. ಮೀನಿನವರು ಬುಟ್ಟಿ ಇಳಿಸಿ ಅತ್ತರು. ಗಂಡಸರೆಲ್ಲ ಹೇಳುವವರೇ — ಚಿಕ್ಕಂದಿನಲ್ಲಿ ಅವನ ಮೂಗಿಗೆ ನಾನೂ ಒಂದು ಕೊಟ್ಟಿದ್ದೆ ಅಂತ. ಸುಳ್ಳುಬುರುಕರು! ಕೊಟ್ಟಿದ್ದರೆ ಇವರ ಬಾಯಲ್ಲಿ ಹಲ್ಲು ಉಳಿಯುತ್ತಿರಲಿಲ್ಲ.
ಅಯಿತೆ ಈ ಊರಲ್ಲಿ ಆಡಿದ ಒಂದೊಂದು ಸುತ್ತೂ ಶುರುವಾದದ್ದು ನನ್ನ ಕೈಯಿಂದ. ಬರೆಯುವಾಗಲೂ ಎದೆ ಉಬ್ಬುತ್ತದೆ.

ಮೇ 9
ಅವನ ಹೆಂಡತಿ ಕೊರ್ಲೆ ಕರೆಸಿದ್ದಳು. ಕಣ್ಣು ಕೆಂಪು, ದನಿ ಮಾತ್ರ ಗಟ್ಟಿ.
"ಬೊಚ್ವೆಯಣ್ಣಾ, ಏಳನೇ ದಿನ ಜಿಮ್ಮಲ್ಲಿ ಸೇರ್ತೀವಿ. ಹತ್ತು ಏಟು ನೀನೇ ಹೊಡೀಬೇಕು. ಮಣ್ಣು ಮಾಡೋದು ಆಮೇಲೆ ಎಷ್ಟೋ ವಾರಕ್ಕೆ, ಆಗ ಮಂತ್ರಿಗಳು ಬರ್ತಾರೆ. ಆವತ್ತು ನಿನ್ನನ್ನ ಹತ್ರಾನೂ ಬಿಡಲ್ಲ."
ನಿಜ. ಸತ್ತ ಬಾಕ್ಸರನಿಗೆ ಗಂಟೆಯ ಹತ್ತು ಏಟೇ ಕೊನೆಯ ನಮಸ್ಕಾರ. ಅದು ನನ್ನದು. ಬಿಟ್ಟುಕೊಡುವುದಿಲ್ಲ.

ಮೇ 12, ಸೋಮವಾರ
ತಲೆ ಎಲ್ಲಿಟ್ಟಿದ್ದೆನೋ! ಇವತ್ತಿನಿಂದ ಊರಿಗೆಲ್ಲ ನಿಶ್ಶಬ್ದದ ಕಟ್ಟಳೆ. ಹಬ್ಬದ ಮೆಕ್ಕೆಜೋಳ ಬಿತ್ತಿಯಾಯಿತು, ಅದು ಮೊಳೆಯುವಾಗ ದೇವರಿಗೆ ಸದ್ದಾಗಬಾರದು. ಇನ್ನು ಮೂವತ್ತು ದಿನ ಡೋಲಿಲ್ಲ, ಗಂಟೆಯಿಲ್ಲ. ಪ್ರತಿ ವರ್ಷ ಗಂಟೆಗೆ ಗೋಣಿ ಸುತ್ತುವವನೇ ನಾನು. ದುಃಖದಲ್ಲಿ ಮರೆತೆ. ಕೊರ್ಲೆಯೂ ಮರೆತಿದ್ದಾಳೆ.
ಕಟ್ಟಳೆ ಕಾಯುವ, ಪೂಜಾರಿಯ ಕಡೆಯ ಲಾಮ್ಟೆಯನ್ನು ಕೇಳಿದೆ.
"ಹತ್ತೇ ಹತ್ತು ಏಟು ಕಣಯ್ಯಾ."
"ಒಂದೂ ಆಗಲ್ಲ. ಚರ್ಚಿನವರಿಗೇ ಬೇಡ ಅಂದಿದೀವಿ. ನಿನಗೇನು ಎರಡು ಕೊಂಬಿದೆಯಾ?"
"ನನಗಿಲ್ಲ. ಅಯಿತೆಗಿತ್ತು."
ನಕ್ಕ. ಕಣ್ಣೊರೆಸಿಕೊಂಡ. ಆದರೂ ಇಲ್ಲ ಅಂದ.

ಮೇ 14
ಹೊಡೆದೇ ಬಿಡಲೇ? ದಂಡ ಹಾಕಿದರೆ ಹಾಕಲಿ... ಛೇ. ಪ್ರತಿ ವರ್ಷ ಈ ನಿಶ್ಶಬ್ದದ ತಿಂಗಳಲ್ಲಿ ಅಯಿತೆ ಚೀಲ ಗುದ್ದುವುದನ್ನೇ ಬಿಡುತ್ತಿದ್ದ, ಸದ್ದಾಗುತ್ತದೆಂದು. ಅವನ ಹೆಸರಲ್ಲಿ ನಾನು ಕಟ್ಟಳೆ ಮುರಿಯುವುದೇ?

ಮೇ 15, ಗುರುವಾರ
ಜಿಮ್ ಕಿಕ್ಕಿರಿದಿತ್ತು. ಎಲ್ಲರದೂ ಸೂತಕದ ಕೆಂಪು ಕಪ್ಪು ಬಟ್ಟೆ. ಲಾಮ್ಟೆ ಬಾಗಿಲಲ್ಲೇ ಇದ್ದ. ಕೊರ್ಲೆಗೆ ಮುಖ ತೋರಿಸಲು ನಾಚಿಕೆ. ಗಂಟೆಯ ಮುಂದೆ ನಿಂತೆ, ಗೋಣಿ ಬಿಚ್ಚಲಿಲ್ಲ.
ಆಗ ಹೊಳೆಯಿತು. ಬಾಕ್ಸರ್ ಬಿದ್ದಾಗ ಮೊದಲು ಎಣಿಸುವವನು ರೆಫರಿಯಲ್ಲ, ಗಂಟೆಯವನು. ಅದೂ ಬೆರಳೆತ್ತಿ — ಆ ಗದ್ದಲದಲ್ಲಿ ಬಾಯಿಯ ಎಣಿಕೆ ಯಾರಿಗೆ ಕೇಳುತ್ತದೆ! ನನ್ನೆದುರು ಅಯಿತೆ ಬಿದ್ದದ್ದು ಎರಡೇ ಸಲ. ಎರಡು ಸಲವೂ ನನ್ನ ಬೆರಳನ್ನೇ ನೋಡುತ್ತ ಎದ್ದ. ಹತ್ತನೆಯದು ಎದ್ದರೆ ಸೋಲು; ಅದನ್ನು ಎತ್ತಲು ಬಿಡಲೇ ಇಲ್ಲ.
ಒಂದು ಬೆರಳು ಎತ್ತಿದೆ. ಎಲ್ಲರೂ ಎತ್ತಿದರು. ಎರಡು. ಮೂರು. ಬಾಯಿ ಮುಚ್ಚಿ ಗೊತ್ತಿಲ್ಲದ ಬುಕೋಮ್ ಉಸಿರೂ ಬಿಡಲಿಲ್ಲ. ಯಾವ ದೊಡ್ಡ ಮನುಷ್ಯನಿಗೆ ಸಿಕ್ಕೀತು ಇಂಥ ಮೌನ! ಹೆಮ್ಮೆಯಿಂದ ಕಣ್ಣು ತುಂಬಿತು. ಲಾಮ್ಟೆಯ ಕೈಯೂ ಮೇಲಿತ್ತು. ಎಂಟು. ಒಂಬತ್ತು.
ಕೊರ್ಲೆ ಬಂದು ನನ್ನ ಕೈ ಹಿಡಿದುಕೊಂಡಳು.
"ಸಾಕು ಅಣ್ಣಾ. ನಮ್ಮವರು ಎದ್ದಾಯ್ತು."
ಹತ್ತನೆಯ ಬೆರಳು ನಾನು ಎತ್ತಲಿಲ್ಲ.