ಒಂದು ಚೂರು ಮುಂಚೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬರೆಯಲು ತಡವಾಯಿತು, ಬೈಯಬೇಡ. ನಿದ್ದೆಯ ಮುಖ ನೋಡಿ ಎಷ್ಟೋ ಕಾಲವಾಯಿತು. ಈ ಪತ್ರ ಶುರುಮಾಡಿದ ಮೇಲೂ ಗ್ಯಾಸ್ ಆರಿಸಿದ್ದೇನಾ ಎಂದು ಎರಡು ಸಲ ಎದ್ದು ನೋಡಿ ಬಂದೆ.

ಸುದ್ದಿ ಕೇಳು. ನಮ್ಮ ನಾಲ್ಕನೇ ಆಲ್ಬಂ ಗೆದ್ದಿತು! ನಿನ್ನೆ ಸಭಾಂಗಣ ತುಂಬಿ, ಜನ ಗೋಡೆಗೆ ಒರಗಿ ನಿಂತು ಕೇಳಿದರು.

ಮೊದಲನೆಯದು ನೆನಪಿದೆಯಾ? ಬಟ್ಟೆ ಒಗೆಯುವ ಕೋಣೆ, ಕಿಟಕಿಗೆ ಕಂಬಳಿ, ಎರಡು ಕೀ ಸತ್ತುಹೋಗಿದ್ದ ನನ್ನ ಕೀಬೋರ್ಡು. ನೀನು ಡ್ರಮ್ ಬಾರಿಸುತ್ತಿದ್ದರೆ ಹಾಡುಗಳೆಲ್ಲ ಬಿದ್ದೂ ಎದ್ದೂ ಓಡುತ್ತಿದ್ದವು. ಎರಡನೆಯದರಲ್ಲಿ ಹಾಡಿನ ನಡುವೆ ಸುಮ್ಮನಿರುವುದನ್ನು ಕಲಿತೆವು. "ನಮ್ಮ ನ್ಯೂ ವೇವ್ ಸಂಗೀತ ಅಂದ್ರೆ ಮುಖ ಗಂಟು ಹಾಕ್ಕೊಂಡು ಕುಣಿಯೋದು ಕಣ್ರೀ" ಎಂದು ನೀನು ಎಲ್ಲರಿಗೂ ಹೇಳುತ್ತಿದ್ದೆ. ಮೂರನೆಯದಕ್ಕೆ ನಮ್ಮ ಗಿಟಾರಪ್ಪ ಡ್ರಮ್ ಮಶೀನು ತಂದರು. ಮದುವೆಯಾದ ಮೇಲೂ ನನ್ನ ಗಂಡನಿಗೆ ನೀನಿಟ್ಟ ಆ ಹೆಸರೇ ಗಟ್ಟಿ. ಅರ್ಧ ಹಾಡು ನಿನಗೆ, ಅರ್ಧ ಆ ಮಶೀನಿಗೆ. "ಈ ಡಬ್ಬಿ ನನ್ನನ್ನೇ ನೋಡ್ತಿದೆ" ಎಂದು ನೀನು ಅದರ ಮೇಲೆ ಟವೆಲ್ ಹಾಕಿದೆ.

ನಾಲ್ಕನೆಯದು ಅರ್ಧವಾಗುವಷ್ಟರಲ್ಲಿ "ನಿಮಗೆ ಡಬ್ಬಿ ಇದೆಯಲ್ಲ, ಸಾಕು ಬಿಡಿ" ಎಂದು ಕೋಲು ಎತ್ತಿಕೊಂಡು ಹೊರಟುಹೋದೆ.

ಆಮೇಲೆ ಹಾಡುಗಳು ಹೆಣದಂತೆ ಮಲಗಿಬಿಟ್ಟವು. ಎಲ್ಲ ಸರಿಯಾಗಿತ್ತು, ಜೀವವಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಮೊದಲ ಆಲ್ಬಂ ಹಾಕಿ ಕೂತಾಗ ಹೊಳೆಯಿತು: ಪಲ್ಲವಿಗೆ ತಿರುಗುವ ಹೊಡೆತವನ್ನು ನೀನು ಯಾವಾಗಲೂ ಒಂದು ಚೂರು ಮುಂಚೆ ಹಾಕುತ್ತಿದ್ದೆ. "ಬಸ್ಸು ತಪ್ಪುತ್ತಾ ನಿಂಗೆ?" ಎಂದು ಎಷ್ಟು ಕಾಡಿಸಿದ್ದೇವೆ! ಕೂತು, ಆ ಡಬ್ಬಿಯಲ್ಲಿ ಅಂಥ ಒಂದೊಂದೇ ಹೊಡೆತವನ್ನು ಒಂದು ಚೂರು ಮುಂಚೆ ಬೀಳುವಂತೆ ಕೈಯಾರೆ ಸರಿಸಿದೆ.

ರೆಕಾರ್ಡಿಂಗ್ ಮಾಡುವವರು ಹೆಡ್‌ಫೋನ್ ತೆಗೆದು, "ಮೇಡಂ, ಇಲ್ಲಿ ತಾಳ ತಪ್ಪಿದೆ. ಸರಿ ಮಾಡ್ಲಾ?" ಎಂದರು.

"ಮುಟ್ಟಬೇಡಿ. ಅದು ತಪ್ಪಲ್ಲ, ನಮ್ಮಕ್ಕ."

ನಿನ್ನೆ ಏನಾಯಿತು ಗೊತ್ತಾ? ಎರಡನೇ ಹಾಡಿಗೇ ಇಡೀ ಸಭಾಂಗಣ ನಿನ್ನ ಹಾಗೆ ಒಂದು ಚೂರು ಮುಂಚೆ ಚಪ್ಪಾಳೆ ತಟ್ಟಿತು! ಅಷ್ಟು ಜನಕ್ಕೂ ನಿನ್ನ ಆತುರ ಅಂಟಿತ್ತು ಅಕ್ಕಾ. ಗಿಟಾರಪ್ಪ ಹಾಡಿನ ನಡುವೆಯೇ, "ಅತ್ತಿಗೆ ಬಂದ್ರು ಕಣೇ!" ಎಂದು ಕೂಗಿದರು. ಡಬ್ಬಿಯ ಮೇಲೆ ನಿನ್ನ ಟವೆಲ್ ಹಾಕಿದ್ದೆ, ಪಕ್ಕದಲ್ಲಿ ನಿನ್ನ ಸ್ಟೂಲು. ಗೆದ್ದೆವು ಅಕ್ಕಾ, ನಾವು ಮೂವರೂ ಗೆದ್ದೆವು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗಳಿಗೆ ಒಳ್ಳೆಯದಾಗಲಿ.

ನಿನ್ನ
ತಂಗಿ

ತಾ.ಕ.: ಯಾರು ಕೇಳಿದರೂ, ಡಬ್ಬಿಯ ಮೇಲಿನ ಸಿಟ್ಟಿಗೆ ನೀನು ಹೋದೆ ಎನ್ನುತ್ತೇನೆ. ನಾವಿಬ್ಬರೂ ಬಸುರಿಯರಾಗಿ ಸ್ಟುಡಿಯೋದ ಒಂದೇ ಮೆತ್ತನೆ ಕುರ್ಚಿಗೆ ಜಗಳವಾಡಿದ್ದನ್ನು ಹೇಳುವುದಿಲ್ಲ. ನಿನ್ನ ಮಗು ಉಳಿಯಲಿಲ್ಲ. ನನ್ನ ಹೊಟ್ಟೆ ನಿನ್ನ ಕಣ್ಣೆದುರೇ ಬೆಳೆಯಿತು. ಅದಕ್ಕೇ ಮೇಲೆ ಮಗಳ ಸುದ್ದಿ ಒಂದಕ್ಷರವೂ ಬರೆಯಲಿಲ್ಲ. ಇದೊಂದು ಮಾತ್ರ ಹೇಳಿಬಿಡುತ್ತೇನೆ. ಅವಳ ಬೆನ್ನು ತಟ್ಟುವಾಗ ನನ್ನ ಕೈ ನಡುನಡುವೆ ಒಂದು ಚೂರು ಮುಂಚೆ ಬೀಳುತ್ತದೆ. ಅಮ್ಮ ಕೆಲಸಕ್ಕೆ ಹೋದಾಗ ನನ್ನನ್ನು ತಟ್ಟಿ ಮಲಗಿಸುತ್ತಿದ್ದವಳು ನೀನೇ ಅಲ್ಲವೇ? ಐದನೇ ಆಲ್ಬಂ ಶುರುಮಾಡಿಲ್ಲ. ಈ ಸಲ ನೀನು ಎಷ್ಟು ತಡವಾಗಿ ಬಂದರೂ ಪರವಾಗಿಲ್ಲ ಅಕ್ಕಾ, ಕಾಯುತ್ತೇವೆ.