ಇಪ್ಪತ್ತು ನಿಮಿಷ ಮುಂದಿದ್ದ ಗಡಿಯಾರ

ತಿಕೋಟಾ,
ಗುರುವಾರ, ಪೂಜೆ ಮುಗಿದ ಮೇಲೆ

ಒಡಹುಟ್ಟದಿದ್ದರೂ ಅಕ್ಕನಾದ ತುಂಗಕ್ಕನಿಗೆ ಗೋದಾವರಿಯ ನಮಸ್ಕಾರ.

ಮೊನ್ನೆಯ ತನಕ ಈ ಜಾಗದಲ್ಲಿ ಬೀಗತಿಯವರಿಗೆ ಎಂದು ಬರೆಯುವ ಹುಮ್ಮಸ್ಸಿನಲ್ಲಿದ್ದೆ. ಈಗ ಅದು ಆಗುತ್ತದೋ ಇಲ್ಲವೋ ರಾಯರೇ ಬಲ್ಲರು. ಅದಕ್ಕೇ ಕಾಖಂಡಕಿಯ ಸಾಲಿಯಲ್ಲಿ ಕರೆಯುತ್ತಿದ್ದಂತೆ ತುಂಗಕ್ಕಾ ಎಂದೇ ಕರೆದು, ನೀನು ಎಂದೇ ಬರೆಯುತ್ತೇನೆ. ನೀನು ಫೋನಿನಲ್ಲಿ ಹೇಳುವುದನ್ನು ಹೇಳಿ ಇಟ್ಟುಬಿಟ್ಟೆ. ಸಿಟ್ಟು ಬಂದರೆ ನನಗೆ ಬಾಯಿಂದ ಮಾತು ಹೊರಡುವುದಿಲ್ಲ, ಅದು ನಿನಗೆ ಚಿಕ್ಕಂದಿನಿಂದ ಗೊತ್ತು. ಕಾಗದದ ಮೇಲಾದರೆ ನಡುವೆ ಬಾಯಿ ಹಾಕುವವರು ಯಾರೂ ಇಲ್ಲ.

ನೀನು ಅಂದದ್ದು ಇಷ್ಟು. “ಗೋದೂ, ಗಡಿಯಾರ ಮುಂದಿತ್ತೋ ಹಿಂದಿತ್ತೋ ನಿನ್ನ ಯಾರರ ಕೇಳ್ಯಾರೇನು? ಹಳೇ ಜಾತಕಾನ ಇರ್ಲಿ. ಬಾಯಿ ಮುಚ್ಕೊಂಡಿರು ಅಂತ ನಿನ್ನ ಮಗಳಿಗೆ ಹೇಳು. ಹೊಸಾ ಜಾತಕ ಹಿಡ್ಕೊಂಡು ಬಂದ್ರ ನಿಶ್ಚಯ ಇಲ್ಲ, ನೋಡು ಮತ್ತ.”

ಹೊಸ ಜಾತಕವನ್ನೇ ಹಿಡಿದುಕೊಂಡು ಬರುತ್ತೇನೆ. ಇದು ನನ್ನ ಉತ್ತರ. ಮೊದಲೇ ಹೇಳಿಬಿಟ್ಟೆ, ಕಡೆಯ ತನಕ ಓದಿ ಹುಡುಕುವ ತ್ರಾಸು ನಿನಗೆ ಬೇಡ. ಆದರೆ ಯಾಕೆ ಎಂಬುದನ್ನು ನೀನು ಓದಲೇಬೇಕು.

ನನ್ನ ಮೃಣಾಲ ಏನು ಕೆಲಸ ಮಾಡುತ್ತಾಳೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಏನೋ ಮಾಡುತ್ತಾಳೆ ಎಂದು ನಿಮ್ಮ ಓಣಿಯವರಿಗೆಲ್ಲ ಹೇಳಿದೆಯಂತೆ. ನನಗೂ ಮೊದಲು ಅಷ್ಟೇ ಗೊತ್ತಿತ್ತು. ನಮ್ಮ ತಿಕೋಟಾದ ಕಡೆಯ ದ್ರಾಕ್ಷಿ ಪರದೇಶಕ್ಕೆ ಹೋಗುತ್ತದಲ್ಲ, ಅದರ ಪೆಟ್ಟಿಗೆ ಕೋಲ್ಡ್ ಸ್ಟೋರೇಜು ಬಿಟ್ಟದ್ದು ಎಷ್ಟಕ್ಕೆ, ಹಡಗು ಹತ್ತಿದ್ದು ಎಷ್ಟಕ್ಕೆ, ಆ ದೇಶದ ಗಡಿಯಾರದಲ್ಲಿ ಆಗ ಎಷ್ಟಾಗಿತ್ತು, ಇದನ್ನೆಲ್ಲ ತಪ್ಪದೆ ಲೆಕ್ಕ ಹಾಕುವ ಪ್ರೋಗ್ರಾಮು ಬರೆಯುತ್ತಾಳೆ. ದಿನಾ ಬಸ್ಸಿನಲ್ಲಿ ಬಿಜಾಪುರಕ್ಕೆ ಹೋಗಿ ಬರುತ್ತಾಳೆ. ಅವಳು ಬರೆಯುವ ಭಾಷೆಗೆ ಹ್ಯಾಸ್ಕೆಲ್ ಎಂದು ಹೆಸರು, ಫಂಕ್ಷನಲ್ ಭಾಷೆಗಳ ಪೈಕಿ ಒಂದಂತೆ. ಏಳನೇ ಇಯತ್ತೆ ಕಲಿತ ನನಗೆ ಶೇಂಗಾ ಸುಲಿಯುತ್ತ ಕೂತು ಅದನ್ನು ತಿಳಿಸಿ ಹೇಳಿದಳು. ತಿಳಿದಷ್ಟನ್ನು ನಿನಗೆ ಹೇಳುತ್ತೇನೆ.

ಅದರಲ್ಲಿ ಒಂದು ತಾರೀಖನ್ನು ಒಮ್ಮೆ ಬರೆದರೆ ಅದು ಬದಲಾಗುವುದಿಲ್ಲ. ಅದಕ್ಕೆ ಒಂದು ದಿನ ಕೂಡಿಸು ಎಂದರೆ ಇನ್ನೊಂದು ತಾರೀಖನ್ನು ಮಾಡಿ ಕೊಡುತ್ತದೆ, ಮೊದಲಿನದು ಇದ್ದಲ್ಲೇ ಇರುತ್ತದೆ. “ನಾಳೆ ಬೇಕು ಅಂದ್ರ ಇವತ್ತನ್ನ ತಿದ್ದೂದಿಲ್ಲಮ್ಮ, ನಾಳೆ ಬ್ಯಾರೇನ ಹುಟ್ತದ” ಎಂದಳು. ಇನ್ನೊಂದು, ಲೆಕ್ಕ ಹಾಕುವ ಭಾಗ ತಾನೇ ಗಡಿಯಾರದ ಕಡೆ ಇಣುಕುವ ಹಾಗಿಲ್ಲ. ಈಗ ಎಷ್ಟಾಯಿತು ಎಂಬುದನ್ನು ಹೊರಗಿನಿಂದ ತಂದು ಅದರ ಕೈಗೆ ಕೊಡಬೇಕು. ಕೊಟ್ಟದ್ದು ಅದೇ ಆದರೆ ನೂರು ಸಲ ಕೇಳಿದರೂ ಉತ್ತರ ಅದೇ, ಕೇಳುವವರ ಮುಖ ನೋಡಿ ಬದಲಿಸುವುದಿಲ್ಲ. ಮತ್ತೆ ಗೋಡೆಯ ಗಡಿಯಾರ ತೋರಿಸುವ ಗಂಟೆ ಬೇರೆ, ನಿಜವಾಗಿ ನಡೆದ ಗಳಿಗೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಪ್ರೋಗ್ರಾಮು ಶುರುವಾಗುವುದೇ ಇಲ್ಲ. ಯಾವ ಊರು, ಯಾರ ಗಡಿಯಾರ ಎಂದು ಹೇಳಿದ ಮೇಲೇ ಮುಂದಿನ ಮಾತು.

ನನಗೆ ನಗು ಬಂತು. ಇದು ನಮ್ಮ ಸಂಕಲ್ಪವೇ ಅಲ್ಲವೇ ಎಂದೆ. ಆಚಾರ್ಯರು ಒಂದು ಹೂವು ಏರಿಸುವ ಮೊದಲು ಯಾವ ದೇಶ, ಯಾವ ತೀರ, ಯಾವ ಸಂವತ್ಸರ, ಯಾವ ತಿಥಿ ಎಂದು ಎಲ್ಲ ಹೇಳಿಯೇ ಮುಂದಿನದಕ್ಕೆ ಹೋಗುತ್ತಾರೆ. ನಿಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಗೋದಾವರಿಯ ದಕ್ಷಿಣ ತೀರ ಎಂದು ಬಂದಾಗಲೆಲ್ಲ ನೀನು ನನ್ನ ಪಕ್ಕೆಗೆ ತಿವಿಯುತ್ತಿದ್ದೆ. ನಾವಿಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, ನಿನ್ನ ಅವ್ವನ ಕೈಯಲ್ಲಿ ಗುದ್ದು ತಿಂದದ್ದು ನೆನಪಿದೆಯೇ? ಅದನ್ನು ಹೇಳಿದಾಗ ಮೃಣಾಲ ಸುಲಿದ ಶೇಂಗಾ ಚೆಲ್ಲುವ ಹಾಗೆ ನಕ್ಕಳು.

ಆ ಖುಷಿಯಲ್ಲಿ ನನಗೊಂದು ಸಣ್ಣ ಪಂಚಾಂಗ ಮಾಡಿಕೊಟ್ಟಳು. ದಿನ, ಹೊತ್ತು, ಊರು ಕೊಟ್ಟರೆ ತಿಥಿ ನಕ್ಷತ್ರ ತೋರಿಸುತ್ತದೆ. ಏಕಾದಶಿ ಯಾವಾಗ, ಪಾರಣೆಯ ಹೊತ್ತು ಎಲ್ಲಿಯ ತನಕ ಎಂದು ನಾನು ಅದರಲ್ಲೇ ನೋಡುತ್ತೇನೆ. ಸರಿಯಿದೆಯೋ ಇಲ್ಲವೋ ಎಂದು ಮನೆಯವರೆಲ್ಲರ ಹುಟ್ಟಿದ ಹೊತ್ತು ಕೊಟ್ಟು ಜಾತಕದ ಜೊತೆ ತಾಳೆ ನೋಡುತ್ತ ಬಂದಳು. ಅವಳಪ್ಪನದು ಕೂಡಿತು, ನನ್ನದು ಕೂಡಿತು. ತನ್ನದು ಹಾಕುವಾಗ ಚೇಷ್ಟೆಗೆ ಕೇಳಿದಳು, “ಅಮ್ಮ, ಊರು ಕಾಖಂಡಕಿ. ಯಾರ ಗಡಿಯಾರ?”

ನಿಮ್ಮ ಅಜ್ಜಂದು, ಅದು ಯಾವಾಗಲೂ ಇಪ್ಪತ್ತು ನಿಮಿಷ ಮುಂದ ಇರ್ತಿತ್ತು ಎಂದು ನಗುತ್ತಲೇ ಹೇಳಿದೆ. ಹೇಳಿದ ಮೇಲೆ ನನ್ನ ನಗು ನಿಂತಿತು. ಅವಳ ಕೈಯೂ ನಿಂತಿತು.

ಆ ಗಡಿಯಾರ ನಿನಗೆ ಗೊತ್ತಿದ್ದದ್ದೇ, ತುಂಗಕ್ಕಾ. ಊರಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಆರಕ್ಕೆ ಬಿಡುವ ವಸ್ತಿ ಬಸ್ಸಿಗೆ ನಮ್ಮಪ್ಪ ಬಿಜಾಪುರಕ್ಕೆ ಕೆಲಸಕ್ಕೆ ಹೋಗಬೇಕಿತ್ತು. ತಪ್ಪಬಾರದು ಎಂದು ಗಡಿಯಾರವನ್ನು ಮುಂದೆ ಇಟ್ಟಿದ್ದರು. ಮನೆಯವರೆಲ್ಲ ಮನಸ್ಸಿನಲ್ಲೇ ಕಳೆದುಕೊಂಡು ಓದುತ್ತಿದ್ದೆವು. ಹೊರಗಿನವರು ನೋಡಿ ಗಾಬರಿಯಾಗಿ ಓಡುತ್ತಿದ್ದರು, ನೀನೂ ಒಮ್ಮೆ ಸಾಲಿಗೆ ಹೊತ್ತಾಯಿತೆಂದು ಪಾಟಿ ಬಿಟ್ಟು ಓಡಿದ್ದೆ. ನನ್ನ ಚೊಚ್ಚಿಲ ಹೆರಿಗೆಗೆ ಬಂದ ಸೂಲಗಿತ್ತಿ ಮಾಬುಬಿ ಹೊರಗಿನವಳೇ ಅಲ್ಲವೇ?

ಅವಳನ್ನೇ ಕೇಳೋಣವೆಂದು ತಾಯಿ ಮಗಳು ಕಾಖಂಡಕಿಗೆ ಹೋದೆವು. ಮಾಬುಬಿಗೆ ಈಗ ಕಣ್ಣು ಮಸುಕು, ನೆನಪು ಮಾತ್ರ ಚೊಕ್ಕ. ಮೃಣಾಲಳ ಗಲ್ಲ ಮುಟ್ಟಿ ನೋಡಿ ಹೇಳಿದಳು. “ಗೋಡಿ ಮ್ಯಾಲಿನ ಗಡಿಯಾರ ನೋಡಿ ನಾನ ಕೂಗಿ ಹೇಳೇನ್ರಿ, ಆರು ಹತ್ತು ಅಂತ. ನಿಮ್ಮಪ್ಪಾರು ಕಟ್ಟಿ ಮ್ಯಾಲ ಕುಂತು ಬರಕೊಂಡ್ರು. ಈ ಕೂಸಿಗೆ ನೀರ ಹಾಕಿ ಸುತ್ತೂಮಟಾ ಬಸ್ಸಿನವ ಹಾರ್ನ್ ಹೊಡದಿದ್ದಿಲ್ಲ. ಆಮ್ಯಾಲ ಹೊಡದ, ನಿಮ್ಮಪ್ಪಾರು ಪೇಢೆ ತರತೇನಂತ ಓಡಿ ಹೋಗಿ ಹತ್ತಿದ್ರು. ಮಮ್ಮಗಳು ಹುಟ್ಯಾಳಂದ್ರ ಆ ಮನಶಾ ನೆಲದ ಮ್ಯಾಲ ಇದ್ದಿದ್ದಿಲ್ಲ ಬಿಡ್ರಿ.”

ಆ ಖುಷಿಯಲ್ಲಿ ಅಪ್ಪ ಇಪ್ಪತ್ತು ನಿಮಿಷ ಕಳೆಯುವುದನ್ನು ಮರೆತರು. ಬಸ್ಸೇ ತಡವಾಗಿ ಬಿಟ್ಟಿರಬಹುದಲ್ಲ ಎಂದು ನಮ್ಮ ಶ್ರೀಶೈಲಣ್ಣ ವಾದ ಹೂಡಿದ. ರಾತ್ರಿಯೆಲ್ಲ ನಮ್ಮೂರಲ್ಲೇ ಮಲಗಿದ್ದ ಬಸ್ಸು ತಡವಾಗಿ ಬಿಡಲು ಕಾರಣವೇನು ಎಂದು ನಾನು ತಿರುಗಿ ಕೇಳಿದೆ. ಹಳೇ ಜಾತಕದಲ್ಲಿರುವ ಮಖಾ ನಕ್ಷತ್ರ ಅವತ್ತು ಕಾಲಿಟ್ಟದ್ದು ಬೆಳಿಗ್ಗೆ ಆರು ದಾಟಿದ ಮೇಲೆ, ಆರು ಹತ್ತರ ಒಳಗೆ. ನನ್ನ ಮಗಳು ಹುಟ್ಟಿದ್ದು ಆರಕ್ಕೆ ಮೊದಲು, ಆಶ್ಲೇಷಾದಲ್ಲಿ. ಆಶ್ಲೇಷಾದ ಸೊಸೆ ಬಂದರೆ ಅತ್ತೆಯ ಜೀವಕ್ಕೆ ಕೇಡು ಎಂದು ಜನ ಆಡುವ ಮಾತು ನಿನಗೂ ಗೊತ್ತು, ನನಗೂ ಗೊತ್ತು. ಸುಳ್ಳು ಹೇಳುವುದಿಲ್ಲ, ಇನ್ನೊಮ್ಮೆ ಹಾಕಿ ನೋಡು ಎಂದು ಮಗಳಿಗೆ ಗಂಟುಬಿದ್ದೆ. ಹಾಕಿದಳು. ಅದೇ ಬಂತು. ಮತ್ತೊಮ್ಮೆ ಎಂದೆ, ಅದೇ ಬಂತು. ಆಗ ಲ್ಯಾಪ್‌ಟಾಪು ಮುಚ್ಚಿ ಹೇಳಿದಳು, “ಬೇಕಾದ್ರ ಇದನ್ನ ಅಳಿಸಿಬಿಡ್ತೀನಮ್ಮ. ನಾ ಹುಟ್ಟಿದ್ದು ಅಳಿಸ್ಲಿಕ್ಕೆ ಬರೂದಿಲ್ಲ.”

ಅವಳು ಮುಚ್ಚಿಡಲಿಲ್ಲ. ಅವತ್ತೇ ನಿನ್ನ ಮಗ ಸುಧೀರನಿಗೆ ಹೇಳಿದಳು. ಅಮ್ಮಗ ನಾ ಹೇಳ್ತೀನಿ, ಚಿಂತಿ ಮಾಡಬ್ಯಾಡ ಎಂದನಂತೆ. ಹೇಳಿದ್ದಾನೆ, ಒಳ್ಳೆಯದು. ಆದರೆ ನೀನು ಫೋನು ಮಾಡಿದ ಮೇಲೆ ಅವನ ಬಾಯಿಗೆ ಬೀಗ ಬಿದ್ದಿದೆ. ಈ ಪತ್ರ ಅವನ ಕೈಗೂ ಕೊಡು, ಓದಲಿ. ಇತ್ತ ನಮ್ಮಣ್ಣನೂ ನಿನ್ನ ಪಕ್ಷವೇ. ಇಪ್ಪತ್ತು ನಿಮಿಷಕ್ಕ ಇಂಥಾ ಹುಡುಗನ್ನ ಬಿಡ್ತೀರೇನು, ಕಲ್ತ ಹುಡುಗಿ ತನ್ನ ಕಾಲ ಮ್ಯಾಲೆ ತಾನ ಕಲ್ಲು ಹಾಕ್ಕೊಂಡ್ಲು ಎಂದು ನಮ್ಮ ಪಡಸಾಲೆಯಲ್ಲಿ ಕೂತು ಒದರಿದ. ನಮ್ಮವರು ಹೆಚ್ಚು ಮಾತಾಡುವವರಲ್ಲ. ಅಂದು ಮಾತ್ರ, ಮಗಳು ಹೇಳಿದ್ದು ಖರೆ ಅದನೋ ಇಲ್ಲೋ ಅಷ್ಟ ಹೇಳು ಎಂದರು. ಅಣ್ಣ ಚಹಾ ಕುಡಿಯದೆ ಎದ್ದು ಹೋದ.

ಈಗ ನಾನು ಇಷ್ಟು ವರ್ಷ ಆಡದೆ ಇಟ್ಟ ಮಾತು. ನಿನ್ನ ಮನಸ್ಸಿಗೆ ನೋವಾಗುತ್ತದೆ. ಆದರೂ ಬರೆಯುತ್ತೇನೆ.

ನೀನು ಮೂಲಾ ನಕ್ಷತ್ರದವಳು. ಮೂಲಾದ ಹುಡುಗಿ ಮಾವನಿಗೆ ಆಗದು ಎಂದು ಗಂಡುಗಳು ಬಂದು ಬಂದು ತಿರುಗಿ ಹೋದರು. ಕಡೆಗೆ ನಿಮ್ಮಪ್ಪ ನಿನ್ನ ಹುಟ್ಟಿದ ಹೊತ್ತನ್ನು ಮುಂದಿನ ನಕ್ಷತ್ರದ ತನಕ ದೂಡಿ ಹೊಸ ಜಾತಕ ಬರೆಸಿದರು. ನಮ್ಮ ಓಣಿಯ ಹೆಂಗಸರಿಗೆಲ್ಲ ಗೊತ್ತಿತ್ತು, ಯಾರೂ ಆಡಲಿಲ್ಲ. ನೀನು ಬಿಜಾಪುರದ ಗಾಂಧಿ ಚೌಕದ ಹಿಂದಿನ ಆ ದೊಡ್ಡ ಮನೆಗೆ ಸೊಸೆಯಾಗಿ ಹೋದೆ. ಮೊದಲ ಪಂಚಮಿಗೆ ತವರಿಗೆ ಬಂದಾಗ ಬೇವಿನ ಮರದ ಜೋಕಾಲಿಯಲ್ಲಿ ನನ್ನ ಪಕ್ಕ ಕೂತೆ, ತೂಗಿಕೊಳ್ಳಲಿಲ್ಲ. “ಗೋದೂ, ಮಾವನೋರು ಕೆಮ್ಮಿದ್ರ ನನ್ನ ಎದಿ ಧಸಕ್ಕಂತದ” ಎಂದೆ. ಬೆಳಿಗ್ಗೆ ಎದ್ದು ಅವರ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತೇನೆ ಎಂದೆ. ಕೆಂಪು ಇಳಕಲ್ ಸೀರೆ ಉಟ್ಟಿದ್ದೆ, ಮುಖ ಮಾತ್ರ ಜ್ವರ ಬಂದವರ ಹಾಗಿತ್ತು.

ನಿನ್ನ ಮಾವನವರಿಗೆ ಏನಾಯಿತು? ತೊಂಬತ್ತು ದಾಟಿ ಬದುಕಿದರು. ಸುಧೀರನ ಮುಂಜಿ ಮುಂದೆ ನಿಂತು ಮಾಡಿಸಿದರು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಕಡೆಯ ತನಕ ನಿನ್ನನ್ನು ಬೈದರು. ಆದರೂ ಅವರು ಹೋಗುವ ದಿನದವರೆಗೆ ನೀನು ಅವರ ಕೆಮ್ಮು ಕೇಳಿ ಬೆಚ್ಚುತ್ತಲೇ ಇದ್ದೆ. ನಕ್ಷತ್ರ ನಿನಗೆ ಏನೂ ಮಾಡಲಿಲ್ಲ, ತುಂಗಕ್ಕಾ. ನಿನ್ನನ್ನು ತಿಂದದ್ದು ಮುಚ್ಚಿಟ್ಟ ಹೊತ್ತು. ಎಲ್ಲರೆದುರು ಮೂಲಾ ಎಂದು ಹೇಳಿ ಒಳಗೆ ಹೋಗಿದ್ದರೆ ಕೆಮ್ಮು ಬರೀ ಕೆಮ್ಮಾಗಿರುತ್ತಿತ್ತು.

ಅದನ್ನೇ ಈಗ ನನ್ನ ಮಗಳಿಗೆ ಉಡಿ ತುಂಬಿ ಕೊಡಬೇಕೆಂದಿದ್ದೀಯಾ? ನಿನಗೊಂದು ಶೀತವಾದರೂ ಅವಳು ಅಡಿಗೆಮನೆಯಲ್ಲಿ ನಡುಗುತ್ತ ನಿಲ್ಲಬೇಕೇ? ಅದು ಆಗದು. ಬೇರೆ ಏನು ಬೇಕಾದರೂ ಕೇಳು, ಇದನ್ನು ಕೇಳಬೇಡ.

ದೇವರು ದಿಂಡರು ಬಿಟ್ಟು ಮಗಳ ಮಾತು ಕಟ್ಟಿಕೊಂಡಳು ಎಂದು ನನ್ನನ್ನು ಅನ್ನಬೇಡ. ಹನಿ ನೀರು ಮುಟ್ಟದೆ ಏಕಾದಶಿ ಮಾಡುವವಳು ನಾನು. ಪಂಚಾಂಗವನ್ನು ನಂಬುತ್ತೇನೆ, ಅದಕ್ಕೇ ಅದಕ್ಕೆ ಮೋಸ ಮಾಡಲಾರೆ. ಆ ಗಳಿಗೆಯನ್ನು ಮಾಡಿದವನಿಗೆ ಅದು ಯಾವ ಗಳಿಗೆ ಎಂದು ಗೊತ್ತಿಲ್ಲವೇ? ನಮ್ಮಪ್ಪನ ಗೋಡೆಯ ಗಡಿಯಾರ ತೋರಿಸಿ ಅವನನ್ನು ಒಪ್ಪಿಸಲು ಹೋಗುವುದೇ? ಶಾಂತಿ ಮಾಡಿಸು ಎಂದು ಆಚಾರ್ಯರು ಹೇಳಿದ್ದಾರೆ, ಮಾಡಿಸುತ್ತೇನೆ, ನಿಮ್ಮ ಮನೆಯ ಅಂಗಳದಲ್ಲೇ ಎಲ್ಲರೂ ನೋಡುವ ಹಾಗೆ ಮಾಡಿಸುತ್ತೇನೆ. ಆದರೆ ಕಣ್ಣು ಬಿಡದ ಕೂಸಿನ ಮುಷ್ಟಿಯಲ್ಲಿ ಯಾವಳೋ ಒಬ್ಬ ಅತ್ತೆಯ ಸಾವು ಇಟ್ಟು ಕಳಿಸುವಷ್ಟು ಕಟುಕ ನನ್ನ ದೇವರಲ್ಲ. ಇದನ್ನು ಯಾವ ಗುಡಿಯ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ.

ನಿಶ್ಚಯಕ್ಕೆ ಗೊತ್ತು ಮಾಡಿದ ದಶಮಿಯನ್ನು ನಾವು ಬದಲಿಸಿಲ್ಲ. ಅಂದು ಬೆಳಿಗ್ಗೆ ಬಸ್ಸಿಗೆ ಬರುತ್ತೇವೆ. ಗಾಂಧಿ ಚೌಕದಲ್ಲಿ ಹೂವು ಹಣ್ಣು ಕೊಂಡು ನಿಮ್ಮ ಓಣಿಗೆ ನಡೆದು ಬರುತ್ತೇವೆ. ನೀನು ಬಾಗಿಲು ತೆರೆದರೆ ಆಚಾರ್ಯರ ಕೈಯಲ್ಲಿ ಎಲ್ಲರಿಗೂ ಕೇಳುವಂತೆ ಓದಿಸುತ್ತೇನೆ, ಊರು ಕಾಖಂಡಕಿ, ಹೊತ್ತು ಆರಕ್ಕೆ ಹತ್ತು ನಿಮಿಷ ಮೊದಲು, ನಕ್ಷತ್ರ ಆಶ್ಲೇಷಾ. ತೆರೆಯದಿದ್ದರೆ ಆ ಹಣ್ಣುಗಳನ್ನು ರಾಯರ ಮಠದಲ್ಲಿಟ್ಟು ತಿರುಗಿ ಹೋಗುತ್ತೇವೆ. ಮರುದಿನ ಮೃಣಾಲ ಎಂದಿನ ಹಾಗೆ ತಲೆ ಎತ್ತಿಕೊಂಡು ಆಫೀಸಿಗೆ ಬರುತ್ತಾಳೆ. ನಿಮ್ಮ ಓಣಿಯ ಮುಂದೇ ಹಾದು ಹೋಗುತ್ತಾಳೆ, ಬೇಕಾದರೆ ಕಿಡಕಿಯಿಂದ ನೋಡು.

ನೀನು ಬಾಗಿಲು ತೆರೆಯುತ್ತೀ ಎಂದು ನನಗೆ ಅನಿಸುತ್ತದೆ. ಜೋಕಾಲಿಯಲ್ಲಿ ಕೂತವಳು ಇನ್ನೂ ನಿನ್ನೊಳಗೆ ಇದ್ದಾಳೆ.

ಹಿರಿಯಳನ್ನು ಕಿರಿಯಳು ಹರಸಬಾರದು, ಆದರೂ ಹರಸುತ್ತೇನೆ. ಆಶ್ಲೇಷಾದ ಸೊಸೆಯ ಕೈ ಅಡಿಗೆ ಉಂಡು, ನಿನ್ನ ಮಾವನಿಗಿಂತ ಹೆಚ್ಚು ಬಾಳು. ಉಪ್ಪು ಹೆಚ್ಚಾದರೆ ಬೈ. ಕೆಮ್ಮು ಬಂದರೆ ಗಾಂಧಿ ಚೌಕದ ತನಕ ಕೇಳುವ ಹಾಗೆ ಕೆಮ್ಮು. ನನ್ನ ಮಗಳು ಬೆಚ್ಚದೆ ಎದ್ದು ಬಂದು ನಿನ್ನ ಕೈಗೆ ಬಿಸಿನೀರು ಕೊಡಲಿ.

ಜೋಕಾಲಿಯ ಇನ್ನೊಂದು ಬದಿಯಲ್ಲಿ ಕೂತಿದ್ದ
ನಿನ್ನ ಗೋದೂ